ಪ್ರಾಥಮಿಕ ಚಿಕಿತ್ಸೆಯಲ್ಲಿ ಬೊಜ್ಜು: ದಾಖಲೆ ಮತ್ತು ನಿರ್ವಹಣೆ

ಆರೋಗ್ಯಕ್ಕೆ ಹಾನಿಯಾಗುವಷ್ಟು ಕೊಬ್ಬು ಮೈಯಲ್ಲಿ ಶೇಖರವಾಗುವ ಸ್ಥಿತಿಯನ್ನು ಬೊಜ್ಜು ಅಥವಾ ಸ್ಥೂಲಕಾಯ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಸಂಕೇತವಿದೆ: ಹತ್ತನೆಯ ಆವೃತ್ತಿಯಲ್ಲಿ ಇ66, ಹನ್ನೊಂದನೆಯದರಲ್ಲಿ 5ಬಿ81. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2013ರ ಜೂನ್‌ನಲ್ಲಿ ಇದನ್ನು ಕಾಯಿಲೆ ಎಂದು ಒಪ್ಪಿಕೊಂಡಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಪಿತ್ತಜನಕಾಂಗದ ಕೊಬ್ಬು, ಮಂಡಿ ಸವೆತ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಬಂಜೆತನ, ಕೆಲವು ಬಗೆಯ ಕ್ಯಾನ್ಸರ್ ಇವೆಲ್ಲಕ್ಕೂ ಬೊಜ್ಜಿನ ನಂಟಿದೆ. ಆದರೆ ವೈದ್ಯರ ಮುಂದೆ ಕುಳಿತು ‘ನನಗೆ ಬೊಜ್ಜಿದೆ, ಔಷಧಿ ಕೊಡಿ’ ಎನ್ನುವವರು ವಿರಳ. ಮಂಡಿನೋವು, ಎದೆಯುರಿ, ಏದುಸಿರು, ಮುಟ್ಟಿನ ಏರುಪೇರು ಹೇಳಿಕೊಂಡು ಬರುತ್ತಾರೆ. ತೂಕದ ವಿಷಯ ಅಲ್ಲೇ ಇರುತ್ತದೆ. ಅದನ್ನು ಯಾರಾದರೂ ಎತ್ತಬೇಕು, ಬರೆದಿಡಬೇಕು, ಮುಂದಿನ ಭೇಟಿಯಲ್ಲಿ ಮತ್ತೆ ಕೇಳಬೇಕು. ಈ ಮೂರೂ ಕೆಲಸ ಪ್ರಾಥಮಿಕ ಹಂತದ ವೈದ್ಯರ ಪಾಲಿಗೆ ಬರುತ್ತವೆ. ಬ್ರಿಟನ್ನಿನ ಜನರಲ್ ಪ್ರಾಕ್ಟೀಷನರ್, ಅಮೆರಿಕದ ಫ್ಯಾಮಿಲಿ ಫಿಸಿಷಿಯನ್, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಊರಿನ ಎಂಬಿಬಿಎಸ್ ಡಾಕ್ಟರು ಎಲ್ಲರೂ ಈ ಹಂತದವರೇ.

ಈ ಮೂರರಲ್ಲಿ ಬರೆದಿಡುವುದೇ ಸಣ್ಣ ಕೆಲಸವೆಂದು ತೋರುತ್ತದೆ. ಹಾಗಲ್ಲ ಎಂಬುದಕ್ಕೆ ಅಮೆರಿಕದ ಮೇಯೊ ಕ್ಲಿನಿಕ್‌ನ ಅಧ್ಯಯನವೊಂದು ಒಳ್ಳೆಯ ಸಾಕ್ಷಿ. 2007ರಲ್ಲಿ ಪ್ರಕಟವಾದ ಅದರಲ್ಲಿ ಬೊಜ್ಜಿನ ಮಿತಿ ದಾಟಿದ್ದ 2,543 ರೋಗಿಗಳ ಕಡತಗಳನ್ನು ನೋಡಲಾಯಿತು. ಬೊಜ್ಜು ಎಂಬ ರೋಗನಿರ್ಣಯ ಬರೆದಿದ್ದದ್ದು ಶೇ 19.9 ಮಂದಿಯ ಕಡತದಲ್ಲಿ ಮಾತ್ರ. ಚಿಕಿತ್ಸೆಯ ಯೋಜನೆ ಇದ್ದದ್ದು ಶೇ 22.6 ಮಂದಿಗೆ. ಯಾರಿಗೆ ಯೋಜನೆ ಸಿಕ್ಕಿತು ಎಂಬುದನ್ನು ಎಲ್ಲಕ್ಕಿಂತ ಬಲವಾಗಿ ಸೂಚಿಸಿದ್ದು ರೋಗಿಯ ವಯಸ್ಸಾಗಲಿ ಲಿಂಗವಾಗಲಿ ಅಲ್ಲ, ಕಡತದಲ್ಲಿ ಆ ಒಂದು ಪದ ಇತ್ತೇ ಎಂಬ ಸಂಗತಿ. ಅಂಕಿ ಬರೆದರಷ್ಟೇ ಸಾಲದು. ತೂಕ, ಎತ್ತರ ಎರಡೂ ಕಡತದಲ್ಲಿದ್ದು ‘ಸಮಸ್ಯೆಗಳು’ ಎಂಬ ಪಟ್ಟಿಯಲ್ಲಿ ಬೊಜ್ಜು ಸೇರದಿದ್ದರೆ, ಮುಂದಿನ ಸಲ ಕಡತ ತೆರೆದ ವೈದ್ಯರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಅಳತೆ

ಎಲ್ಲೆಡೆ ಬಳಕೆಯಲ್ಲಿರುವ ಅಳತೆ ದೇಹ ತೂಕ ಸೂಚ್ಯಂಕ, ಅಂದರೆ ಬಿಎಂಐ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಸಂಖ್ಯೆ. ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟಲೆ 1832ರಲ್ಲಿ ಈ ಅನುಪಾತವನ್ನು ಗುರುತಿಸಿದಾಗ ಅವನ ಮನಸ್ಸಿನಲ್ಲಿ ರೋಗಿಗಳಿರಲಿಲ್ಲ. ‘ಸರಾಸರಿ ಮನುಷ್ಯ’ನ ಮೈಕಟ್ಟಿನ ನಿಯಮ ಅವನಿಗೆ ಬೇಕಿತ್ತು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಜೊತೆಗಾರರು ಇದಕ್ಕೆ ಇಂದಿನ ಹೆಸರು ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 25 ದಾಟಿದರೆ ಅತಿತೂಕ, 30 ದಾಟಿದರೆ ಬೊಜ್ಜು. 35 ಮತ್ತು 40ರಲ್ಲಿ ಎರಡನೆಯ, ಮೂರನೆಯ ದರ್ಜೆಗಳು ಶುರುವಾಗುತ್ತವೆ.

ಈ ಮಿತಿಗಳು ಮುಖ್ಯವಾಗಿ ಯುರೋಪ್ ಮೂಲದ ಜನರ ಆಯಸ್ಸು, ಆರೋಗ್ಯದ ಲೆಕ್ಕದಿಂದ ಬಂದವು. ನಮ್ಮವರ ಮೈಯ ಲೆಕ್ಕ ಬೇರೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರದೇ ಚಿತ್ರವನ್ನು ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಕಣ್ಣಿಗೆ ತೆಳ್ಳಗೆ, ಒಳಗೆ ಕೊಬ್ಬು ಎಂಬ ಭಾರತೀಯ ಮೈಕಟ್ಟನ್ನು ಇಷ್ಟು ಸರಳವಾಗಿ ತೋರಿಸಿದ ಇನ್ನೊಂದು ಪುರಾವೆ ಸಿಗುವುದು ಕಷ್ಟ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಏಷ್ಯಾದ ಜನರ ಮಟ್ಟಿಗೆ 23 ಮತ್ತು 27.5ರಲ್ಲೇ ಎಚ್ಚರ ವಹಿಸಬೇಕೆಂದು ಹೇಳಿತು. ಭಾರತದ ತಜ್ಞರು 2009ರಲ್ಲಿ ಒಮ್ಮತಕ್ಕೆ ಬಂದು 23ರಿಂದ ಅತಿತೂಕ, 25ರಿಂದ ಬೊಜ್ಜು ಎಂದು ಗೆರೆ ಎಳೆದರು. ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದು ಎಂಬುದೂ ಅದರ ಭಾಗ.

ಗೆರೆ ಇಷ್ಟು ಕೆಳಗಿರುವಾಗ ಅಳತೆಯ ಸಣ್ಣ ತಪ್ಪಿಗೂ ಬೆಲೆ ತೆರಬೇಕಾಗುತ್ತದೆ. 152 ಸೆಂಟಿಮೀಟರ್ ಎತ್ತರ, 58 ಕಿಲೋ ತೂಕದ ಹೆಂಗಸಿನ ಬಿಎಂಐ 25.1, ಭಾರತದ ಮಿತಿಯಂತೆ ಬೊಜ್ಜು. ಚಪ್ಪಲಿ ಬಿಡಿಸದೆ, ತುರುಬಿನ ಮೇಲೆ ಕೋಲಿಟ್ಟು 155 ಎಂದು ಬರೆದುಬಿಟ್ಟರೆ ಅದೇ ಹೆಂಗಸು 24.1ಕ್ಕೆ ಇಳಿದು ಬೊಜ್ಜಿನ ಪಟ್ಟಿಯಿಂದ ಹೊರಬೀಳುತ್ತಾಳೆ. ಎತ್ತರವನ್ನು ಒಮ್ಮೆ ಅಳೆದು ವರ್ಷಗಟ್ಟಲೆ ಅದನ್ನೇ ಬಳಸುವುದು ರೂಢಿಯಾದ್ದರಿಂದ ಮೊದಲ ದಿನದ ತಪ್ಪು ಕಡತದಲ್ಲಿ ಉಳಿದೇಹೋಗುತ್ತದೆ. ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ, ನೋಟ ನೇರವಿಟ್ಟು, ತುರುಬು ಬಿಚ್ಚಿಸಿ ಅಳೆಯಬೇಕು. ತೂಕದ ಯಂತ್ರ ಗಟ್ಟಿ ನೆಲದ ಮೇಲಿರಬೇಕು, ಆಗಾಗ ಗೊತ್ತಿರುವ ತೂಕವಿಟ್ಟು ಅದನ್ನು ಪರೀಕ್ಷಿಸಬೇಕು. ಯಂತ್ರ ಎಷ್ಟು ಕಿಲೋವರೆಗೆ ತೋರಿಸುತ್ತದೆ ಎಂಬುದೂ ಮುಖ್ಯ: ಮುಳ್ಳು ಕೊನೆ ಮುಟ್ಟಿ ನಿಂತರೆ ಅದರ ಮೇಲೆ ನಿಂತವರಿಗೆ ಆಗುವ ಅವಮಾನ ಅವರನ್ನು ಮತ್ತೆ ಆಸ್ಪತ್ರೆಗೆ ಬಾರದಂತೆ ಮಾಡಬಲ್ಲದು.

ಬಿಎಂಐ ಕೊಬ್ಬನ್ನೂ ಸ್ನಾಯುವನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಕೊಬ್ಬು ಎಲ್ಲಿ ಕೂತಿದೆ ಎಂದೂ ಹೇಳುವುದಿಲ್ಲ. ಅದಕ್ಕೇ ಹೊಟ್ಟೆಯ ಸುತ್ತಳತೆ. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು ಇವೆರಡರ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಹೊತ್ತಿಗೆ ಅಳೆಯಬೇಕು. ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಇನ್ನೂ ಸುಲಭವಾದ ಸೂತ್ರ ಕೊಟ್ಟಿತು: ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. 0.5ರಿಂದ 0.59ರವರೆಗಿನ ಅನುಪಾತಕ್ಕೆ ಅಪಾಯ ಹೆಚ್ಚು, 0.6 ಮುಟ್ಟಿದರೆ ಬಹಳ ಹೆಚ್ಚು. ಗಂಡು ಹೆಣ್ಣು, ದೇಶ ಭಾಷೆ ಯಾವ ಭೇದವೂ ಬೇಡದ ಈ ಲೆಕ್ಕಕ್ಕೆ ಒಂದು ದಾರವೂ ಸಾಕು. ನಮ್ಮ ಕೇಂದ್ರಗಳಲ್ಲಿ ಇದು ಇನ್ನಷ್ಟು ಬಳಕೆಗೆ ಬರಬೇಕು.

ಬ್ರಿಟನ್ ಮತ್ತು ಅಮೆರಿಕದ ದಾಖಲೆ ಪದ್ಧತಿ

ಬ್ರಿಟನ್ನಿನಲ್ಲಿ ಪ್ರತಿಯೊಬ್ಬರೂ ಒಂದು ಸ್ಥಳೀಯ ವೈದ್ಯಶಾಲೆಯಲ್ಲಿ ಹೆಸರು ನೋಂದಾಯಿಸಿರುತ್ತಾರೆ. ಕಡತ ಹುಟ್ಟಿನಿಂದ ಸಾವಿನವರೆಗೆ ಜೊತೆಗೇ ಸಾಗುತ್ತದೆ. 2004ರಲ್ಲಿ ಅಲ್ಲಿನ ಸರ್ಕಾರ ವೈದ್ಯರ ಸಂಭಾವನೆಯ ಒಂದು ಪಾಲನ್ನು ಕೆಲಸದ ಗುಣಮಟ್ಟಕ್ಕೆ ಗಂಟು ಹಾಕಿತು. ಕ್ಯೂಒಎಫ್ ಎಂದು ಹೆಸರಾದ ಈ ಅಂಕ ಪದ್ಧತಿಗೆ 2006ರಲ್ಲಿ ಬೊಜ್ಜು ಸೇರಿತು: ಬಿಎಂಐ 30 ಅಥವಾ ಅದಕ್ಕಿಂತ ಹೆಚ್ಚಿರುವವರ ಪಟ್ಟಿ ಇಟ್ಟರೆ ಎಂಟು ಅಂಕ. ಪಟ್ಟಿ ತಯಾರಾಯಿತು. ಆದರೆ ಪಟ್ಟಿಯಲ್ಲಿರುವವರಿಗೆ ಏನು ಮಾಡಬೇಕೆಂದು ಆ ಅಂಕ ಕೇಳುತ್ತಿರಲಿಲ್ಲ. ಎಣಿಕೆಗೆ ಹಣವಿತ್ತು, ಆರೈಕೆಗೆ ಇರಲಿಲ್ಲ. ಈ ಕೊರತೆ ತುಂಬಲು ಹದಿನೈದು ವರ್ಷ ಹಿಡಿಯಿತು: 2021ರಲ್ಲಿ ಇಂಗ್ಲೆಂಡಿನಲ್ಲಿ ರೋಗಿಯನ್ನು ತೂಕ ನಿರ್ವಹಣಾ ಕಾರ್ಯಕ್ರಮಕ್ಕೆ ಕಳಿಸಿದ ಪ್ರತಿ ಸಲವೂ ವೈದ್ಯಶಾಲೆಗೆ 11.50 ಪೌಂಡ್ ಕೊಡುವ ವ್ಯವಸ್ಥೆ ಬಂತು. ಇತ್ತೀಚಿನ ವರ್ಷಗಳಲ್ಲಿ ದಕ್ಷಿಣ ಏಷ್ಯಾ ಮೊದಲಾದ ಮೂಲದವರಿಗೆ 27.5ರ ಮಿತಿಯನ್ನು ಅನ್ವಯಿಸುತ್ತಿದ್ದಾರೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ಸಂಬಂಧಿಸಿದ ಮಾತು: ಕಡತದಲ್ಲಿ ಜನಾಂಗೀಯ ಮೂಲ ಸರಿಯಾಗಿ ನಮೂದಾಗದಿದ್ದರೆ ಗಣಕಯಂತ್ರ ಅವರನ್ನು ಹಳೆಯ ಮಿತಿಯಿಂದಲೇ ಅಳೆಯುತ್ತದೆ.

ಬ್ರಿಟನ್ನಿನ ಕಡತಗಳು ಸಂಶೋಧಕರಿಗೆ ದೊಡ್ಡ ನಿಧಿ. 2004ರಿಂದ 2014ರವರೆಗಿನ ದಾಖಲೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬೊಜ್ಜಿನ ಮೊದಲ ದರ್ಜೆಯಲ್ಲಿರುವ ಗಂಡಸು ಒಂದು ವರ್ಷದಲ್ಲಿ ಸಹಜ ತೂಕಕ್ಕೆ ಮರಳುವ ಸಾಧ್ಯತೆ 210ರಲ್ಲಿ ಒಂದು, ಹೆಂಗಸಿಗೆ 124ರಲ್ಲಿ ಒಂದು ಎಂದು ಲೆಕ್ಕ ಹಾಕಿತು. ‘ಮನಸ್ಸು ಮಾಡಿದರೆ ಆಗುತ್ತೆ’ ಎಂದು ರೋಗಿಯನ್ನು ಸಾಗಹಾಕುವ ಮೊದಲು ಪ್ರತಿ ವೈದ್ಯರೂ ನೆನೆಯಬೇಕಾದ ಅಂಕಿಗಳಿವು. ಹಾಗೆಂದು ಕಡತಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಗರ್ಭನಿರೋಧಕ ಮಾತ್ರೆಗೆ ಬರುವ ಹೆಂಗಸರ ತೂಕ ನೋಡುತ್ತಾರೆ, ಸಕ್ಕರೆ ಕಾಯಿಲೆಯವರದನ್ನು ವರ್ಷಕ್ಕೊಮ್ಮೆ ನೋಡುತ್ತಾರೆ, ಹೊಸದಾಗಿ ಹೆಸರು ಬರೆಸಿದವರದನ್ನು ನೋಡುತ್ತಾರೆ. ಆರೋಗ್ಯವಾಗಿದ್ದು ಆಸ್ಪತ್ರೆಯತ್ತ ಸುಳಿಯದ ಮೂವತ್ತರ ಗಂಡಸಿನ ತೂಕ ಯಾರಿಗೂ ಗೊತ್ತಿರುವುದಿಲ್ಲ. ತಡೆಗಟ್ಟುವ ಕೆಲಸ ಶುರುವಾಗಬೇಕಾದದ್ದು ಇಂಥವರಿಂದಲೇ.

ಅಮೆರಿಕದಲ್ಲಿ ದಾಖಲೆಯ ಬೆನ್ನಿಗೆ ವಿಮೆ ನಿಂತಿದೆ. ಅಲ್ಲಿನ ತಡೆಗಟ್ಟುವ ಚಿಕಿತ್ಸೆಯ ತಜ್ಞ ಮಂಡಳಿ ವಯಸ್ಕರೆಲ್ಲರಲ್ಲೂ ಬೊಜ್ಜಿನ ತಪಾಸಣೆ ಆಗಬೇಕೆಂದು 2003ರಲ್ಲೇ ಹೇಳಿತ್ತು. 2018ರಲ್ಲಿ, ಬಿಎಂಐ 30 ದಾಟಿದವರನ್ನು ನಡವಳಿಕೆ ಬದಲಾವಣೆಯ ತೀವ್ರ ಕಾರ್ಯಕ್ರಮಕ್ಕೆ ಕಳಿಸಬೇಕೆಂದಿತು. ವೃದ್ಧರ ಸರ್ಕಾರಿ ವಿಮೆ ಮೆಡಿಕೇರ್ 2011ರ ಕೊನೆಯಿಂದ ಇದಕ್ಕೆ ಹಣ ಕೊಡುತ್ತಿದೆ: ಮೊದಲ ತಿಂಗಳು ವಾರಕ್ಕೊಮ್ಮೆ, ಆರನೆಯ ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಅಷ್ಟರಲ್ಲಿ ಮೂರು ಕಿಲೋ ಇಳಿದಿದ್ದರೆ ವರ್ಷದ ಕೊನೆಯವರೆಗೆ ತಿಂಗಳಿಗೊಮ್ಮೆ ಭೇಟಿ. ತೂಕ ಇಳಿಯದವರಿಗೆ, ಅಂದರೆ ಸಹಾಯ ಹೆಚ್ಚು ಬೇಕಾದವರಿಗೆ, ಬಾಗಿಲು ಮುಚ್ಚುವುದು ಈ ನಿಯಮದ ದೊಡ್ಡ ದೋಷ. ಹಣ ಪಡೆಯಲು ವೈದ್ಯರು ರೋಗದ ಸಂಕೇತದ ಜೊತೆಗೆ ಬಿಎಂಐ ಸೂಚಿಸುವ ಝಡ್68 ಸಂಕೇತವನ್ನೂ ನಮೂದಿಸುತ್ತಾರೆ. ಅಲ್ಲಿನ ಸಂಕೇತಪಟ್ಟಿಯಲ್ಲಿ ‘ಮಾರ್ಬಿಡ್ ಒಬೆಸಿಟಿ’ ಎಂಬ ಕಟುವಾದ ಹೆಸರು ದಶಕಗಳಿಂದ ಉಳಿದುಕೊಂಡಿತ್ತು. ಈಗ ರೋಗಿಗಳು ತಮ್ಮ ಕಡತವನ್ನು ಮೊಬೈಲಿನಲ್ಲೇ ಓದುವ ಕಾಲ ಬಂದಿದೆ, ಆ ಹೆಸರು ಓದಿ ನೊಂದವರು ಬಹಳ ಮಂದಿ. 2024ರ ಅಕ್ಟೋಬರ್‌ನಿಂದ ಒಂದು, ಎರಡು, ಮೂರನೆಯ ದರ್ಜೆ ಎಂಬ ಸಂಕೇತಗಳೂ ಸಿಗುತ್ತಿವೆ. ವೈದ್ಯರು ಹಳೆಯದನ್ನು ಬಿಟ್ಟು ಇವನ್ನು ಬಳಸುವುದು ಒಳ್ಳೆಯದು.

ಭಾರತ ಮತ್ತು ಕರ್ನಾಟಕ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ಬಿಎಂಐ 25 ದಾಟಿದವರು ದೇಶದ ಹೆಂಗಸರಲ್ಲಿ ಶೇ 24, ಗಂಡಸರಲ್ಲಿ ಶೇ 22.9. ಕರ್ನಾಟಕದಲ್ಲಿ ಇದು ಕ್ರಮವಾಗಿ ಶೇ 30.1 ಮತ್ತು ಶೇ 30.9, ಹಿಂದಿನ ಸುತ್ತಿನಲ್ಲಿ ಶೇ 23.3 ಮತ್ತು ಶೇ 22.1 ಇತ್ತು. ಹೊಟ್ಟೆಯ ಬೊಜ್ಜನ್ನು ಲೆಕ್ಕ ಹಾಕಿದರೆ ಚಿತ್ರ ಇನ್ನೂ ಗಾಢವಾಗುತ್ತದೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ದೇಶದ ವಯಸ್ಕರಲ್ಲಿ ಶೇ 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ ಎಂದು ವರದಿ ಮಾಡಿತು.

ನಮ್ಮಲ್ಲಿ ಈ ದಾಖಲೆ ಶುರುವಾಗುವುದು ಆಸ್ಪತ್ರೆಯಲ್ಲಲ್ಲ, ಮನೆಯ ಜಗುಲಿಯಲ್ಲಿ. ಅಸಾಂಕ್ರಾಮಿಕ ರೋಗಗಳ (ಎನ್‌ಸಿಡಿ) ರಾಷ್ಟ್ರೀಯ ಕಾರ್ಯಕ್ರಮದಡಿ ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಆಶಾ ಕಾರ್ಯಕರ್ತೆ ಸಿಬ್ಯಾಕ್ ಎಂಬ ನಮೂನೆ ತುಂಬಬೇಕು. ವಯಸ್ಸು, ಬೀಡಿ ತಂಬಾಕು, ಕುಡಿತ, ವಾರದ ದೈಹಿಕ ಶ್ರಮ, ಮನೆತನದಲ್ಲಿ ಬಿಪಿ ಶುಗರ್ ಇವುಗಳ ಜೊತೆಗೆ ಹೊಟ್ಟೆಯ ಸುತ್ತಳತೆಯೂ ಇದೆ. ಹೆಂಗಸರಲ್ಲಿ 80 ಸೆಂಟಿಮೀಟರಿನವರೆಗೆ ಸೊನ್ನೆ, 90ರವರೆಗೆ ಒಂದು, ಅದಕ್ಕೂ ಮೇಲೆ ಎರಡು ಅಂಕ. ಗಂಡಸರಿಗೆ ಪ್ರತಿ ಮಿತಿಯೂ ಹತ್ತು ಸೆಂಟಿಮೀಟರ್ ಹೆಚ್ಚು. ಒಟ್ಟು ಅಂಕ ನಾಲ್ಕು ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು.

ಕೇಳಲು ಸರಳ. ಮಾಡುವುದು ಅಷ್ಟು ಸರಳವಲ್ಲ. ನಡುಮನೆಯಲ್ಲಿ ಮಾವ ಕೂತಿರುತ್ತಾರೆ, ಬಾಗಿಲಲ್ಲಿ ಮಕ್ಕಳು. ಸೊಸೆ ಸೀರೆಯ ನೆರಿಗೆ ಸಡಿಲಿಸುವಂತಿಲ್ಲ. ಟೇಪು ಸೀರೆಯ ಮೇಲೇ, ನೆರಿಗೆ ಸಿಕ್ಕಿಸಿದ ಗಂಟಿನ ಮೇಲೇ ಸುತ್ತಿಕೊಳ್ಳುತ್ತದೆ. ಎರಡು ಮೂರು ಸೆಂಟಿಮೀಟರ್ ಹಾಗೇ ಸೇರಿಹೋಗುತ್ತದೆ. ಗಂಡಸರನ್ನು ಅಳೆಯುವಾಗ ಸಂಕೋಚ ಇನ್ನೊಂದು ಬಗೆಯದು, ಎಷ್ಟೋ ಕಡೆ ಟೇಪನ್ನು ಅವರ ಕೈಗೇ ಕೊಟ್ಟು ಅವರು ಹೇಳಿದ ಅಂಕಿಯನ್ನು ಬರೆದುಕೊಳ್ಳಬೇಕಾಗುತ್ತದೆ. ಒಳಕೋಣೆಗೆ ಕರೆದೊಯ್ದು ‘ಅಕ್ಕಾ, ಸೆರಗು ಸ್ವಲ್ಪ ಸರಿಸಿಕೊಳ್ಳಿ, ಉಸಿರು ಬಿಡಿ’ ಎಂದು ಸಮಾಧಾನದಿಂದ ಅಳೆಯಲು ಬಿಡುವು, ತರಬೇತಿ, ಗೌರವಧನ ಮೂರೂ ಬೇಕು. ಗರ್ಭಿಣಿಯರು, ಲಸಿಕೆ, ಡೆಂಗಿ ಸಮೀಕ್ಷೆ ಎಲ್ಲವನ್ನೂ ಹೊತ್ತ ಹೆಣ್ಣುಮಗಳಿಂದ ನಿಖರವಾದ ಅಂಕಿ ಬೇಕೆಂದರೆ ಅವಳ ಹೊರೆಯನ್ನೂ ನೋಡಬೇಕು.

ನಮೂನೆಯ ಮುಂದಿನ ದಾರಿ ಉಪಕೇಂದ್ರಕ್ಕೆ. 2018ರಲ್ಲಿ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ, 2023ರಿಂದ ಆಯುಷ್ಮಾನ್ ಆರೋಗ್ಯ ಮಂದಿರಗಳೆಂಬ ಹೆಸರಿನಲ್ಲಿ ನಡೆಯುವ ಈ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ, ಶುಗರ್ ನೋಡಿ, ತೂಕ ಎತ್ತರ ಅಳೆದು ಎನ್‌ಸಿಡಿ ಪೋರ್ಟಲಿಗೆ ಏರಿಸುತ್ತಾರೆ. ಬಿಪಿ ಹೆಚ್ಚಿದ್ದರೆ ಮಾತ್ರೆಯುಂಟು, ಶುಗರ್ ಹೆಚ್ಚಿದ್ದರೆ ಮಾತ್ರೆಯುಂಟು. ಎರಡಕ್ಕೂ ಕಾರ್ಡು, ತಿಂಗಳ ಭೇಟಿ ಎಲ್ಲ ಉಂಟು. ಹೊಟ್ಟೆಯ ಸುತ್ತಳತೆ 98 ಇದ್ದು ಬಿಪಿ ಶುಗರ್ ಎರಡೂ ಸರಿಯಿದ್ದರೆ? ಆ ಹೆಂಗಸು ‘ಏನೂ ತೊಂದರೆ ಇಲ್ಲ’ ಎಂದು ಮನೆಗೆ ಮರಳುತ್ತಾಳೆ. ಬೊಜ್ಜು ಇಲ್ಲಿ ಬೇರೆ ಕಾಯಿಲೆಗಳನ್ನು ಹುಡುಕುವ ದಾರಿಯಷ್ಟೇ. ತಾನಾಗಿ ಅದಕ್ಕೆ ಕಾರ್ಡಿಲ್ಲ, ಮರುಭೇಟಿಯ ದಿನಾಂಕವಿಲ್ಲ. ಭಾರತದ ಪ್ರಾಥಮಿಕ ಚಿಕಿತ್ಸೆಯಲ್ಲಿ ಮೊದಲು ಸರಿಪಡಿಸಬೇಕಾದದ್ದು ಇದನ್ನು, ಮತ್ತು ಇದಕ್ಕೆ ಹೊಸ ಯಂತ್ರವೂ ಬೇಡ ಹೊಸ ಕಟ್ಟಡವೂ ಬೇಡ.

ಖಾಸಗಿ ಕ್ಲಿನಿಕ್ಕುಗಳಲ್ಲಿ ಸಮಸ್ಯೆ ಬೇರೆ. ಕರ್ನಾಟಕದ ಊರುಗಳಲ್ಲಿ ಜ್ವರಕ್ಕೂ ಮೈನೋವಿಗೂ ಜನ ಮೊದಲು ಹೋಗುವುದು ಅಲ್ಲಿಗೇ. ಚೀಟಿಯ ಮೇಲೆ ಹೆಸರು, ವಯಸ್ಸು, ಮಾತ್ರೆಗಳು. ತೂಕ ಬರೆದಿದ್ದರೂ ಆ ಚೀಟಿ ರೋಗಿಯ ಜೊತೆ ಮನೆಗೆ ಹೋಗುತ್ತದೆ. ವೈದ್ಯರ ಬಳಿ ಪ್ರತಿ ಉಳಿಯುವುದು ಕಡಿಮೆ. ಹಾಗಾಗಿ ಐದು ವರ್ಷದಲ್ಲಿ ಎಂಟು ಕಿಲೋ ಏರಿದ್ದನ್ನು ತೋರಿಸುವ ಸಾಲು ಎಲ್ಲೂ ಇರುವುದಿಲ್ಲ. ಬೊಜ್ಜಿನ ವಿಷಯದಲ್ಲಿ ಒಂದು ದಿನದ ಅಂಕಿಗಿಂತ ಆ ಏರಿಕೆಯ ಸಾಲೇ ಹೆಚ್ಚು ತಿಳಿಸುತ್ತದೆ. ಮಕ್ಕಳ ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಎಳೆಯುವ ಅಭ್ಯಾಸ ನಮ್ಮ ಅಂಗನವಾಡಿಗಳಿಗೆ ಚೆನ್ನಾಗಿ ಗೊತ್ತು. ದೊಡ್ಡವರಿಗೂ ಅಂಥದೊಂದು ಪುಸ್ತಕ ಬೇಕು.

ಮಾತು

ತೂಕದ ಮಾತೆತ್ತಿದರೆ ರೋಗಿ ಬೇಸರ ಮಾಡಿಕೊಂಡಾರು ಎಂಬ ಅಂಜಿಕೆ ವೈದ್ಯರಲ್ಲಿ ವ್ಯಾಪಕ. ಸಮಯವಿಲ್ಲ, ಹೇಳಿದರೂ ಪ್ರಯೋಜನವಿಲ್ಲ ಎಂಬಿವು ಸುಮ್ಮನಿರಲು ಉಳಿದ ಕಾರಣಗಳು. ಆಕ್ಸ್‌ಫರ್ಡಿನ ಪಾಲ್ ಅವೆಯಾರ್ಡ್ ಮತ್ತು ಸಂಗಡಿಗರು ಇವನ್ನೆಲ್ಲ ಒಂದೇ ಪ್ರಯೋಗದಲ್ಲಿ ಪರೀಕ್ಷೆಗೊಡ್ಡಿದರು. 2016ರಲ್ಲಿ ಪ್ರಕಟವಾದ ಅದರಲ್ಲಿ ಇಂಗ್ಲೆಂಡಿನ 137 ವೈದ್ಯರು, ಬೇರೆ ಬೇರೆ ಕಾರಣಕ್ಕೆ ಬಂದಿದ್ದ 1,882 ರೋಗಿಗಳ ಜೊತೆ ಭೇಟಿಯ ಕೊನೆಯಲ್ಲಿ ಮೂವತ್ತು ಸೆಕೆಂಡು ತೂಕದ ಬಗ್ಗೆ ಮಾತಾಡಿದರು. ಅರ್ಧ ಜನಕ್ಕೆ ‘ತೂಕ ಇಳಿಸಿದರೆ ನಿಮ್ಮ ಆರೋಗ್ಯಕ್ಕೆ ಒಳ್ಳೆಯದು’ ಎಂಬ ಸಲಹೆ ಮಾತ್ರ. ಉಳಿದರ್ಧಕ್ಕೆ ಹನ್ನೆರಡು ವಾರದ ಗುಂಪಿಗೆ ಅಲ್ಲೇ ಹೆಸರು ಬರೆಸಿ, ನಾಲ್ಕು ವಾರದ ನಂತರ ಮತ್ತೆ ಬನ್ನಿ ಎಂದು ಕರೆಯುವುದು. ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 1.04 ಕಿಲೋ, ಎರಡನೆಯದು 2.43 ಕಿಲೋ ಇಳಿಸಿತ್ತು. ಈ ಮಾತು ಅನುಚಿತ, ನಿಷ್ಪ್ರಯೋಜಕ ಎಂದವರು ಇಡೀ ಪ್ರಯೋಗದಲ್ಲಿ ನಾಲ್ಕೇ ಜನ. ಅಂಜಿಕೆಗೆ ಆಧಾರವಿಲ್ಲ ಎಂದಾಯಿತು. ಬರಿಯ ಸಲಹೆಗಿಂತ ಹೋಗಬೇಕಾದ ಜಾಗ, ಬರಬೇಕಾದ ದಿನ ಎರಡನ್ನೂ ಹೇಳಿದರೆ ಫಲ ಹೆಚ್ಚು ಎಂಬುದೂ ಸಾಬೀತಾಯಿತು. ರೋಗಿಗಳ ಕಡೆಯ ಕಥೆಯೂ ಇದಕ್ಕೆ ಹೊಂದುತ್ತದೆ. 11 ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ತೂಕದ ಜೊತೆ ಹೆಣಗಾಡಲು ಶುರುಮಾಡಿ ವೈದ್ಯರ ಜೊತೆ ಮೊದಲ ಸಲ ಮಾತಾಡುವ ಹೊತ್ತಿಗೆ ಸರಾಸರಿ ಆರು ವರ್ಷ ಕಳೆದಿರುತ್ತದೆ.

ಆದರೆ ಮಾತಿನ ರೀತಿ ಮುಖ್ಯ. ನಮ್ಮ ಕೋಣೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವುದು ‘ಸ್ವಲ್ಪ ತೂಕ ಇಳ್ಸಿ, ಎಲ್ಲ ಸರಿಹೋಗುತ್ತೆ’. ಮಂಡಿನೋವಿಗೂ ಅದೇ, ತಲೆನೋವಿಗೂ ಅದೇ. ಬಂದ ನೋವನ್ನು ಕೇಳಿಸಿಕೊಳ್ಳದೆ ಹೇಳಿದ ಈ ಮಾತು ರೋಗಿಗೆ ಬೈಗುಳದಂತೆ ಕೇಳಿಸುತ್ತದೆ. ಬಾಗಿಲ ಬಳಿ ಎಲ್ಲರೆದುರು ತೂಕ ಕೂಗಿ ಹೇಳುವ ರೂಢಿಯೂ ಅಷ್ಟೇ ಕೆಟ್ಟದ್ದು. ಕೆನಡಾದ 2020ರ ಮಾರ್ಗಸೂಚಿ ಮೊದಲ ಹೆಜ್ಜೆಯಾಗಿ ಅನುಮತಿ ಕೇಳಿ ಎನ್ನುತ್ತದೆ. ಅದನ್ನು ನಮ್ಮ ರೀತಿಯಲ್ಲಿ ಹೇಳುವುದು ಕಷ್ಟವೇನಲ್ಲ: ‘ಅಮ್ಮಾ, ಮಂಡಿಗೆ ಔಷಧಿ ಬರೆದಿದ್ದೀನಿ. ತೂಕದ ಬಗ್ಗೆನೂ ಒಂದೆರಡು ಮಾತು ಆಡಬಹುದಾ, ಇಲ್ಲ ಮುಂದಿನ ಸಲ ನೋಡೋಣವಾ?’ ಬೇಡ ಎಂದರೆ ಬೇಡ. ಕೇಳಿದ್ದೇವೆ ಎಂದು ಬರೆದಿಟ್ಟರಾಯಿತು. ಹೂಂ ಎಂದರೆ ಮುಂದಿನ ಪ್ರಶ್ನೆ ಊಟದ್ದಲ್ಲ, ದಿನಚರಿಯದು. ಎಷ್ಟು ಹೊತ್ತಿಗೆ ಏಳುತ್ತೀರಿ, ಅಡುಗೆ ಯಾರದು, ಎಣ್ಣೆ ತಿಂಗಳಿಗೆ ಎಷ್ಟು ಪ್ಯಾಕೆಟ್ ತರುತ್ತೀರಿ, ಮನೆಯಲ್ಲಿ ಎಷ್ಟು ಜನ, ಮಿಕ್ಕಿದ್ದನ್ನು ಕೊನೆಗೆ ಉಣ್ಣುವವರು ಯಾರು. ಈ ಕೊನೆಯ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಎದುರಿಗೆ ಕೂತ ಹೆಂಗಸೇ ಆಗಿರುತ್ತಾಳೆ. ಚೆಲ್ಲಬಾರದೆಂದು ತಿಂದ ಅನ್ನಕ್ಕೆ ಅವಳನ್ನು ದೂರುವುದು ಅನ್ಯಾಯ.

ತಪಾಸಣೆ ಮತ್ತು ಚಿಕಿತ್ಸೆ

ತೂಕ ಏರಲು ಔಷಧಿಯೇ ಕಾರಣವಾಗಿರಬಹುದು. ಮಾನಸಿಕ ಕಾಯಿಲೆಗೆ ಕೊಡುವ ಒಲಾಂಜಪಿನ್, ಮೂರ್ಛೆರೋಗದ ಸೋಡಿಯಂ ವಾಲ್ಪ್ರೊಯೇಟ್, ಸ್ಟೆರಾಯ್ಡ್, ಅಮಿಟ್ರಿಪ್ಟಿಲಿನ್, ಸಕ್ಕರೆ ಕಾಯಿಲೆಯ ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ಬಗೆಯ ಮಾತ್ರೆಗಳು ಮೈ ಹೆಚ್ಚಿಸುತ್ತವೆ. ಥೈರಾಯ್ಡ್ ಕೊರತೆ, ಪಿಸಿಒಡಿ, ಅಪರೂಪಕ್ಕೆ ಕುಷಿಂಗ್ ರೋಗವನ್ನೂ ಗಮನಿಸಬೇಕು. ಗೊರಕೆ, ಹಗಲು ತೂಕಡಿಕೆ ಕೇಳಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇಲ್ಲದ ಎತ್ತರಕ್ಕೆ ಏರಿ ತೋರಿಸುತ್ತದೆ; ದೊಡ್ಡ ಪಟ್ಟಿ ಇಡುವುದು ಕೇಂದ್ರದ ಕನಿಷ್ಠ ಕರ್ತವ್ಯ.

ಅಂಕಿಯಿಂದ ಕಾಯಿಲೆಯ ಗಾಢತೆ ತಿಳಿಯದು ಎಂಬ ಅರಿವಿನಿಂದ ಆರ್ಯ ಶರ್ಮಾ ಮತ್ತು ರಾಬರ್ಟ್ ಕುಶ್ನರ್ 2009ರಲ್ಲಿ ಎಡ್ಮಂಟನ್ ಹಂತಗಳನ್ನು ರೂಪಿಸಿದರು: ತೊಂದರೆಯೇ ಇಲ್ಲದ ಸೊನ್ನೆಯಿಂದ ತೀವ್ರ ಅಂಗವೈಕಲ್ಯದ ನಾಲ್ಕರವರೆಗೆ. 2025ರ ಜನವರಿಯಲ್ಲಿ ಫ್ರಾನ್ಸೆಸ್ಕೊ ರುಬಿನೊ ಅಧ್ಯಕ್ಷತೆಯ ಲ್ಯಾನ್ಸೆಟ್ ಆಯೋಗ ಇದೇ ದಿಕ್ಕಿನಲ್ಲಿ ಮುಂದೆ ಹೋಗಿ, ಅಂಗಗಳಿಗೆ ಹಾನಿಯಾಗಿರುವ ಬೊಜ್ಜನ್ನೂ ಇನ್ನೂ ಆಗದ ಬೊಜ್ಜನ್ನೂ ಬೇರೆ ಮಾಡಿತು. ಬಿಎಂಐ ಜೊತೆ ಸುತ್ತಳತೆಯಂಥ ಇನ್ನೊಂದು ಅಳತೆ ಬೇಕೇಬೇಕು ಎಂದಿತು. ಅದೇ ತಿಂಗಳು ದೆಹಲಿಯ ತಜ್ಞರೂ ಭಾರತೀಯರಿಗಾಗಿ ಎರಡು ಹಂತಗಳ ವರ್ಗೀಕರಣ ಪ್ರಕಟಿಸಿದರು.

ಪ್ರಾಥಮಿಕ ಹಂತದಲ್ಲೇ ಎಷ್ಟು ದೂರ ಹೋಗಬಹುದು ಎಂಬುದನ್ನು ಸ್ಕಾಟ್ಲೆಂಡ್ ಮತ್ತು ಟೈನ್‌ಸೈಡಿನ 49 ವೈದ್ಯಶಾಲೆಗಳಲ್ಲಿ ನಡೆದ ಡೈರೆಕ್ಟ್ ಪ್ರಯೋಗ ತೋರಿಸಿತು. ಮೈಕ್ ಲೀನ್ ಮತ್ತು ರಾಯ್ ಟೇಲರ್ ನೇತೃತ್ವದ ಇದರಲ್ಲಿ ಸಕ್ಕರೆ ಕಾಯಿಲೆ ಬಂದು ಆರು ವರ್ಷದೊಳಗಿನವರಿಗೆ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ಆಹಾರ ಕೊಟ್ಟರು. ನಡೆಸಿದವರು ದೊಡ್ಡ ತಜ್ಞರಲ್ಲ, ಅಲ್ಲಿನ ನರ್ಸ್‌ಗಳು ಮತ್ತು ಆಹಾರತಜ್ಞರು. ವರ್ಷದ ಕೊನೆಗೆ ಶೇ 46 ಮಂದಿಗೆ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಗೆ ಬಂದಿತ್ತು. ಎರಡನೆಯ ವರ್ಷಕ್ಕೆ ಅದು ಶೇ 36. ಚೆನ್ನೈನಲ್ಲಿ ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಊಟ, ನಡಿಗೆಯ ಬದಲಾವಣೆಯಿಂದ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇ 28.5 ಇಳಿಯಿತು, ಹೇಳಿಕೊಳ್ಳುವಂಥ ತೂಕ ಇಳಿಯದಿದ್ದರೂ. ತೂಕದ ಮುಳ್ಳು ಕದಲದ ರೋಗಿಗೆ ‘ನಿಮ್ಮ ಶ್ರಮ ಹಾಳಾಗಿಲ್ಲ’ ಎಂದು ಆಧಾರಸಹಿತ ಹೇಳಬಹುದು.

ಔಷಧಿಗಳ ವಿಷಯದಲ್ಲಿ ಈ ದಶಕ ಹಿಂದಿನ ಯಾವುದರಂತೆಯೂ ಇಲ್ಲ. ಸೆಮಾಗ್ಲುಟೈಡ್ ಚುಚ್ಚುಮದ್ದಿನಿಂದ 68 ವಾರದಲ್ಲಿ ಸರಾಸರಿ ಶೇ 14.9 ತೂಕ ಇಳಿಯಿತು. ಟಿರ್ಜೆಪಟೈಡ್ ಅದಕ್ಕಿಂತ ಮುಂದೆ. ಭಾರತದ ಮಾರುಕಟ್ಟೆಗೆ 2025ರ ಮಾರ್ಚ್‌ನಲ್ಲಿ ಮೌಂಜಾರೊ ಹೆಸರಿನ ಟಿರ್ಜೆಪಟೈಡ್, ಜೂನ್‌ನಲ್ಲಿ ವೆಗೋವಿ ಹೆಸರಿನ ಸೆಮಾಗ್ಲುಟೈಡ್ ಬಂದವು. ಇಂಗ್ಲೆಂಡಿನಲ್ಲಿ 2025ರ ಜೂನ್‌ನಿಂದ ಸ್ಥಳೀಯ ವೈದ್ಯಶಾಲೆಯಲ್ಲೇ ಟಿರ್ಜೆಪಟೈಡ್ ಕೊಡಲು ಶುರುವಾಯಿತು. ಮೊದಲ ವರ್ಷ ಬಿಎಂಐ 40 ದಾಟಿ, ಜೊತೆಗೆ ಕನಿಷ್ಠ ನಾಲ್ಕು ಸಂಬಂಧಿತ ಕಾಯಿಲೆಗಳಿರುವವರಿಗೆ ಮಾತ್ರ. ದಕ್ಷಿಣ ಏಷ್ಯಾದವರಿಗೆ 37.5. ಇಲ್ಲಿ ಹಳೆಯ ಕಡತಗಳ ಬೆಲೆ ಎದ್ದು ಕಾಣುತ್ತದೆ. ನಿದ್ದೆಯ ಉಸಿರುಕಟ್ಟು ಕಡತದಲ್ಲಿ ನಮೂದಾಗದಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ, ಔಷಧಿ ಸಿಗುವುದಿಲ್ಲ. ವಾಕರಿಕೆ, ವಾಂತಿ, ಸ್ನಾಯು ಕರಗುವುದು ಇವನ್ನು ಗಮನಿಸಬೇಕು. ಗರ್ಭ ಧರಿಸುವ ಯೋಚನೆ ಇದೆಯೇ ಎಂದು ಕೇಳಿ ಬರೆಯಬೇಕು. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬರುತ್ತದೆಂಬುದು ಅಧ್ಯಯನದಲ್ಲೇ ಕಂಡಿದೆ. ಶುರುಮಾಡುವ ದಿನವೇ ಇದನ್ನು ರೋಗಿಗೆ ಹೇಳಬೇಕು. ತಿಂಗಳಿಗೆ ಸಾವಿರಾರು ರೂಪಾಯಿ ಜೇಬಿನಿಂದ ಕೊಡುವ ನಮ್ಮವರಿಗಂತೂ ಹೇಳಲೇಬೇಕು.

ಹೊಟ್ಟೆಯ ಶಸ್ತ್ರಚಿಕಿತ್ಸೆ ದೊಡ್ಡ ಆಸ್ಪತ್ರೆಯ ಕೆಲಸ, ನಂತರದ ಜೀವನಪೂರ್ತಿಯ ನಿಗಾ ಪ್ರಾಥಮಿಕ ವೈದ್ಯರದು. ಬ್ರಿಟನ್ನಿನಲ್ಲಿ ಎರಡು ವರ್ಷ ಶಸ್ತ್ರಚಿಕಿತ್ಸಾ ತಂಡ ನೋಡಿಕೊಂಡು, ಆಮೇಲೆ ವರ್ಷಕ್ಕೊಮ್ಮೆಯ ಪರೀಕ್ಷೆಯನ್ನು ಊರಿನ ವೈದ್ಯಶಾಲೆಗೆ ಒಪ್ಪಿಸುತ್ತಾರೆ. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಾಲ್ಲೂಕಿಗೆ ಮರಳುವವರ ಕೈಯಲ್ಲಿ ಅಂಥ ಏರ್ಪಾಡಿನ ಕಾಗದ ಇರುವುದು ಕಡಿಮೆ. ಯಾವ ಬಗೆಯ ಶಸ್ತ್ರಚಿಕಿತ್ಸೆ ಆಯಿತು, ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವ ಎಷ್ಟು ತೆಗೆದುಕೊಳ್ಳಬೇಕು, ಯಾವಾಗ ರಕ್ತ ಪರೀಕ್ಷಿಸಬೇಕು, ನೋವಿನ ಮಾತ್ರೆಗಳಲ್ಲಿ ಯಾವುದು ಕೂಡದು ಎಂಬಿಷ್ಟನ್ನು ಬಿಡುಗಡೆ ಪತ್ರದಲ್ಲಿ ಬರೆದು ಕಳಿಸಿದರೆ ಊರಿನ ವೈದ್ಯರು ಉಳಿದದ್ದನ್ನು ನಡೆಸಿಕೊಂಡು ಹೋಗಬಲ್ಲರು.